ಎಮ್ಮೆಗೆ ಗೆಬೆ, ಹೆಂಗಸಿಗೆ ಹಾಮಿಲೆ

ಬಾಫ್ರಾ ಹತ್ರ, ಟರ್ಕಿ
4 ಫೆಬ್ರುವರಿ 2024

ಅಕ್ಕನಿಗೆ ಕೆಂಚೇಶ ಮಾಡುವ ನಮಸ್ಕಾರ.

ಕವರಿನ ಮೇಲೆ ನನ್ನ ಹೆಸರು ನೋಡಿದ ಕೂಡಲೇ ಒಲೆಗೆ ಹಾಕಬೇಡ. ಒಂದು ಕೆಲಸದ ವಿಷಯ ಐತೆ. ಅದನ್ನ ಓದಿ ಆಮೇಲೆ ಬೇಕಾದ್ರೆ ಹಾಕು. ಫೋನ್ ಮಾಡಿದ್ರೆ ನೀನು ಎತ್ತಲ್ಲ. ಆರು ವರ್ಷ ಆಯ್ತು, ಎತ್ತಿಲ್ಲ. ಅದಕ್ಕೇ ಬರೀತಿದೀನಿ.

ನ್ಯಾಮತಿ ಡೈರಿ ಫಾರಂ ಬಿಟ್ಟು, ಹೋದ ವರ್ಷ ಶ್ರಾವಣದಾಗೆ ಈ ದೇಶಕ್ಕೆ ಬಂದೆ. ಹೊನ್ನಾಳಿ ಸುದೀಪ್ ಮೊದಲೇ ಇಲ್ಲಿ ಹಸುವಿನ ಫಾರಂನಾಗಿದ್ದ. ಎಮ್ಮೆ ಬಲ್ಲ ಆಳು ಒಬ್ಬ ಬೇಕಂತೆ ಬಾ ಅಂದ. ಇದು ಕಪ್ಪು ಸಮುದ್ರದ ದಂಡೆ. ದೊಡ್ಡ ಹೊಳೆಯೊಂದು ಸಮುದ್ರ ಸೇರೋ ಜಾಗ. ಕಣ್ಣು ಹೋದಷ್ಟು ದೂರ ಜೊಂಡು, ಕೆಸರು, ನೀರು. ಬೇಸಿಗೇಲಿ ಎಮ್ಮೆಗಳನ್ನ ಅದರೊಳಗೇ ಬಿಡ್ತಾರೆ, ಚಳಿಗಾಲಕ್ಕೆ ಕೊಟ್ಟಿಗೆ. ನಮ್ಮೂರು ಸೊಕ್ಕೆ ಎಮ್ಮೆಗಳಿಗೆ ಈ ನೀರು ತೋರಿಸಿದ್ರೆ ಮನೆಗೇ ಬರ್ತಿರಲಿಲ್ಲ.

ಯಜಮಾನ ಹುಸ್ನು, ಅರವತ್ತು ದಾಟೈತೆ. ಹೆಂಡ್ತಿ ಫಾದಿಮೆ. ಮಗ ಹಡಗಿನಾಗೆ ಕೆಲಸ, ನವೆಂಬರಿನಾಗೆ ಬಂದು ಹೋದ. ಸೊಸೆ ಎಲಿಫ್ ನನ್ನ ಜತೆ ಹಾಲು ಕರೀತಾಳೆ. ಐವತ್ತೆರಡು ಎಮ್ಮೆ ಅದಾವೆ.

ಎಮ್ಮೆಗೆ ಇಲ್ಲಿ ಎರಡು ಹೆಸರು. ಸರ್ಕಾರಿ ಕಾಗದದಾಗೆ ‘ಮಂದಾ’, ಕೊಟ್ಟಿಗೆಯಾಗೆ ‘ಜಾಮುಜ್’. ಎಮ್ಮೆಕರು ‘ಮಲಾಕ್’. ಹಸು ‘ಇನೆಕ್’. ಬಾ ಅನ್ನಾಕೆ ‘ಗೆಲ್’. ಬಂದ ಹೊಸದರಾಗೆ ಒಂದಿನ ಹುಸ್ನು, ‘ದನಾ, ದನಾ’ ಅಂತ, ಬಿಡು ಅನ್ನೋ ಹಂಗೆ ಕೈ ಮಾಡಿದ. ಮೊದಲನೇ ಸಲ ಒಂದು ಮಾತು ಅರ್ಥ ಆಯ್ತಲ್ಲ ಅಂತ ಖುಷಿಯಾಗಿ ಐವತ್ತೆರಡನ್ನೂ ಬಿಚ್ಚಿ ಸುರಿಯೋ ಮಳೆಗೆ ಹೊಡೆದೆ. ಇಲ್ಲಿ ‘ದನಾ’ ಅಂದ್ರೆ ಹಸುವಿನ ಕರು ಮಾತ್ರ! ಮನೆಗಿರೋ ಒಂದು ಹಸುವಿನ ಕರು ಬಿಡು ಅಂದಿದ್ದ. ನಾಲ್ಕೂ ಜನ ಓಡಾಡಿ ತಿರುಗಿ ಕಟ್ಟೋದ್ರಾಗೆ ಹೊತ್ತು ಮುಳುಗಿತು. ಹುಸ್ನು ಬೈಯಲಿಲ್ಲ. ಬಿಸಿ ಚಾ ಕೊಟ್ಟು ನಗ್ತಾ ನಿಂತ. ಒಂದು ಕ್ಷಣ ಅಪ್ಪನೇ ನಿಂತಂಗಾತು.

ಈಗ ಕೆಲಸದ ವಿಷಯ. ಎರಡು ಎಮ್ಮೆಗೆ ಕರು ಹೊರಬಿದ್ರೂ ಕಸ, ಅದೇ ಮಾಸು, ಬೀಳ್ತಿಲ್ಲ. ಮೂರು ದಿನ ಆಯ್ತು, ಒಳಗೇ ಐತೆ, ನಾರ್ತೈತೆ. ಅಪ್ಪ ಏನೋ ಸೊಪ್ಪು ಅರೆದು ಕುಡಿಸ್ತಿದ್ದ, ನೆನಪಿಗೆ ಬರ್ತಿಲ್ಲ. ನೀನು ಪಶುಸಖಿ ಆಗಿ ಬಸವಾಪಟ್ಟಣದಾಗೆ ಮನೆ ಮನೆ ತಿರುಗಿ ದನಕರು ನೋಡ್ತೀಯ ಅಂತ ಕೇಳೀನಿ. ಗೊತ್ತಿದ್ರೆ ಬರಿ.

ಕೆಂಚೇಶ


ಬಸವಾಪಟ್ಟಣ
26 ಫೆಬ್ರುವರಿ 2024

ಕೆಂಚೇಶ,

ಸೊಪ್ಪು ಬೇಡ. ಕಸ ಕೈ ಹಾಕಿ ಎಳೆಯಬೇಡ. ದನದ ಡಾಕ್ಟರನ್ನು ಕರೆಸು.

ಆ ಎರಡು ಎಮ್ಮೆ ತಿಂಗಳು ತುಂಬಿ ಈದವೋ, ಮೊದಲೇ ಕಂದು ಹಾಕಿದವೋ? ಎಷ್ಟನೇ ತಿಂಗಳು? ಬೇರೆ ಎಷ್ಟಕ್ಕೆ ಹಿಂಗಾಗಿದೆ? ಕೈಗವಸು ಹಾಕ್ಕೊಂಡು ಮುಟ್ಟುತ್ತೀಯೋ ಬರಿಗೈಯಲ್ಲೋ? ಇಷ್ಟಕ್ಕೆ ಉತ್ತರ ಬರಿ.

ಅಪ್ಪನ ಸುದ್ದಿ ಎತ್ತಬೇಡ.

ಅಂತರಘಟ್ಟಮ್ಮ


ಬಾಫ್ರಾ ಹತ್ರ
18 ಮಾರ್ಚ್ 2024

ಅಕ್ಕನಿಗೆ,

ನಿನ್ನ ಕಾಗದ ಬಂತು. ಇಲಾಖೆ ನೋಟೀಸು ಬಂದಂಗಿತ್ತು. ಕುಶಲ ಕೇಳಾಕೂ ನಿನಗೆ ಮನಸ್ಸು ಬರಲಿಲ್ಲ. ಇರಲಿ, ಕೇಳಿದ್ದಕ್ಕೆ ಉತ್ತರ ಕೊಡ್ತೀನಿ.

ತಿಂಗಳು ತುಂಬಿರಲಿಲ್ಲ. ಎಂಟನೇ ತಿಂಗಳು. ಆಮೇಲೆ ಇನ್ನೂ ಮೂರು ಕಂದು ಹಾಕಿದವು. ಇಲ್ಲಿ ಅದಕ್ಕೆ ‘ಯಾವ್ರು ಅತ್ತಿ’ ಅಂತಾರೆ, ಮರಿ ಎಸೆದಳು ಅಂತ. ಹುಸ್ನು ಕೊಟ್ಟಿಗೆ ತುಂಬ ನೀಲಿ ಗಾಜಿನ ಕಣ್ಣು ನೇತು ಹಾಕಿದಾನೆ. ‘ನಜರ್’ ಅಂತಾನೆ. ದೃಷ್ಟಿಗೆ ನಮ್ಮ ಕಡೆ ಸಾಬರೂ ಅದನ್ನೇ ಅಂತಾರಲ್ಲ. ನಾನು ಹೇಳೋದಾದ್ರೆ, ಮಂಜುಗಡ್ಡೆ ಮೇಲೆ ಜಾರಿ ಬಿದ್ದು ಹಿಂಗಾಗೈತೆ.

ಕೈಗವಸು ಇಲ್ಲ. ಅಪ್ಪ ಯಾವತ್ತು ಹಾಕ್ಕೊಂಡಿದ್ದ? ಡಾಕ್ಟರ್ ಬರಲಿಲ್ಲ, ನಾನೇ ಎಳೆದೆ, ಎಮ್ಮೆ ಉಳಿದವು. ನೀನು ಹೇಳಿದ್ದು ಬರೋಕೆ ಮುಂಚೆನೇ ಕೆಲಸ ಮುಗಿದಿತ್ತು.

ಗಬ್ಬದ ಎಮ್ಮೆಗೆ ಇಲ್ಲಿ ‘ಗೆಬೆ’ ಅಂತಾರೆ. ಗಬ್ಬ, ಗೆಬೆ. ಕೇಳಿದ ದಿನ ಎಲ್ಲಿಂದೆಲ್ಲಿಗೆ ಅನ್ನಿಸ್ತು. ದಿನಾ ಕೊಟ್ಟಿಗೆಯಾಗೆ ಯಾವುದು ಗೆಬೆ, ಯಾವುದಲ್ಲ ಅಂತ ಲೆಕ್ಕ ಹಾಕೋದೇ ಆಗೈತೆ.

ಈಗ ರಂಜಾನು. ಗಂಡ ಹೆಂಡ್ತಿ ಇಬ್ಬರೂ ಉಪವಾಸ. ಎಲಿಫ್ ಮಾತ್ರ ಉಂಡುಕೊಂಡು ಇರ್ತಾಳೆ. ಫಾದಿಮೆಗೆ ಸೊಸೆ ಅಂದ್ರೆ ಪ್ರಾಣ. ಹಸಿ ಹಾಲಿಗೇ ಹೆಪ್ಪು ಹಾಕಿ ಮಾಡಿದ ಪೆಯ್ನಿರ್ ಅಂತ ಒಂದೈತೆ, ನಮ್ಮ ಪನೀರಿನಂಗೆ. ಅದನ್ನ ತಟ್ಟೆ ತುಂಬ ಮುಂದಿಟ್ಟು ‘ಹಾಮಿಲೆ, ಹಾಮಿಲೆ’ ಅಂತ ತಲೆ ಸವರ್ತಾಳೆ. ಮುದ್ದಿನ ಹೆಸರು ಇರಬೇಕು. ಅತ್ತೆ ಸೊಸೇನ ಇಷ್ಟು ಮುದ್ದು ಮಾಡೋದು ನಾನೆಲ್ಲೂ ನೋಡಿಲ್ಲ.

ನನಗೆ ಒಂದೀಟು ಜ್ವರ. ಸಂಜೆ ಬರ್ತೈತೆ, ಬೆಳಿಗ್ಗೆ ಅಂಗಿ ಹಿಂಡಿದ್ರೆ ನೀರು ಸುರೀಬೇಕು, ಅಷ್ಟು ಬೆವರು. ಚಳಿ ದೇಶ, ಒಗ್ಗಿಲ್ಲ. ಅಷ್ಟೇ.

ಕೆಂಚೇಶ


ಬಾಫ್ರಾ ಹತ್ರ
6 ಏಪ್ರಿಲ್ 2024

ಅಕ್ಕನಿಗೆ,

ಹೋದ ಕಾಗದ ನಿನ್ನ ಕೈ ಸೇರಿತೋ ಇಲ್ಲವೋ. ಫೋನು ಜೊಂಡಿನ ನೀರಿಗೆ ಬಿತ್ತು. ಸುದೀಪನ ನಂಬರೂ ಅದರ ಜತೆ ಹೋಯ್ತು. ಮಾತಾಡಾಕೆ ಎಮ್ಮೆ ಬಿಟ್ರೆ ಯಾರೂ ಇಲ್ಲ.

ಈಗ ಒಂಬತ್ತು ಆದವು, ಕಂದು ಹಾಕಿದವು. ಹುಸ್ನು ನನ್ನ ಕೈಲೇ ಎಲ್ಲಾನೂ ಜೊಂಡಿನ ಹಿಂದೆ ಹೂಳಿಸ್ದ. ಯಾರಿಗೂ ಹೇಳಬೇಡ ಅಂತ ಬಾಯಿ ಮೇಲೆ ಬೆರಳಿಟ್ಟ. ಏಪ್ರಿಲ್ 22ಕ್ಕೆ ಸರ್ಕಾರದೋರು ಬಂದು ಎಮ್ಮೆಗಳ ರಕ್ತ ತೆಗೀತಾರಂತೆ. ಈಚೆಗೆ ಕಂದು ಹಾಕಿದ ಮೂರನ್ನ ಅವತ್ತು ಬೆಳಿಗ್ಗೇನೇ ಜೊಂಡಿನೊಳಗೆ ಹೊಡ್ಕೊಂಡು ಹೋಗಿ ಬಚ್ಚಿಡಬೇಕು ನಾನು. ‘ನೀನು ಕರೆದ್ರೆ ಮಾತ್ರ ಬರ್ತಾವೆ’ ಅಂತ ನನ್ನ ಕೈ ಹಿಡ್ಕೊಂಡ. ಅಷ್ಟು ದೊಡ್ಡ ಮನುಷ್ಯ, ಹಿಡಿದ ಕೈ ಬಿಡಲೇ ಇಲ್ಲ.

ಹ್ಞೂಂ ಅಂದೆ.

ಅಕ್ಕ, ಮನಸ್ಸಿನಾಗಿರೋದು ಬರೆದುಬಿಡ್ತೀನಿ. ಅವತ್ತು ಸೊಕ್ಕೆಗೆ ಡಾಕ್ಟರನ್ನ ಕರ್ಕೊಂಡು ಬಂದು ನಮ್ಮ ಹನ್ನೊಂದು ಎಮ್ಮೆ ರಕ್ತ ತೆಗೆಸಿದೋಳು ನೀನು. ಏಳಕ್ಕೆ ರೋಗ ಅಂತ ಬರೆದ್ರು, ಗುರುತು ಹಾಕಿದ್ರು. ನಮ್ಮ ಹಾಲು ಅಂದ್ರೆ ಊರೇ ಮುಖ ತಿರುವ್ತು. ನಾನು ನ್ಯಾಮತಿಯಿಂದ ಬರೋದ್ರಾಗೆ ಅಪ್ಪ ಮಾತು ಬಿಟ್ಟಿದ್ದ. ನಾಲ್ಕು ತಿಂಗಳಿಗೆ ಹೋಗೇಬಿಟ್ಟ. ತವರಿಂದ ಒಂದು ಎಮ್ಮೆ ಕೇಳಿದ್ಳು, ಅಪ್ಪ ಓಬಣ್ಣ ಕೊಡಲಿಲ್ಲ, ಅದಕ್ಕೇ ಹಿಂಗೆ ಮಾಡಿದ್ಳು ಅಂತ ಜನ ಅಂದ್ರು. ತಿಥಿ ದಿನ ನಾನೂ ಎಲ್ಲರ ಮುಂದೆ ಅದನ್ನೇ ಅಂದೆ. ನೀನು ಒಂದು ಮಾತು ಎದುರಾಡಲಿಲ್ಲ. ಸುಳ್ಳಾಗಿದ್ರೆ ಆಡ್ತಿದ್ದೆ.

ಹುಸ್ನು ನನಗೆ ಅನ್ನ ಹಾಕಿದಾನೆ. ನಾನು ನಿನ್ನಂಗೆ ಮಾಡಲ್ಲ.

ಜ್ವರ ಬಿಟ್ಟಿಲ್ಲ. ಸೊಂಟ ಹಿಡಿದೈತೆ, ಬಗ್ಗಿ ಹಾಲು ಕರೆಯಾಕೆ ಆಗಲ್ಲ. ಹಾಲೆಲ್ಲ ಈಗ ಎಲಿಫೇ ಕರೀತಾಳೆ. ಪಾಪ, ಅವಳ ಮುಖಾನೂ ಬಾಡೈತೆ. ಆಸ್ಪತ್ರೆಗೆ ಹೋಗಲ್ಲ. ನನ್ನ ಕೆಲಸದ ಕಾಗದ ಮುಗಿದು ಎರಡು ತಿಂಗಳಾಯ್ತು. ಕೇಳಿದ್ರೆ ವಾಪಸ್ ಕಳಿಸಿಬಿಡ್ತಾರೆ.

ಕೆಂಚೇಶ


ಬಸವಾಪಟ್ಟಣ
9 ಏಪ್ರಿಲ್ 2024

ಕೆಂಚೇಶ,

ಮಾರ್ಚ್ 18ರ ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಓದಿದ ಕೂಡಲೇ ನಿನ್ನ ನಂಬರಿಗೆ ಮಾಡಿದೆ. ಯಾವಳೋ ಅವರ ಭಾಷೆಯಲ್ಲಿ ಏನೋ ಹೇಳಿ ಕಟ್ ಮಾಡುತ್ತಾಳೆ. ಮನುಷ್ಯಳಲ್ಲ, ಮಿಷನ್ನು. ಇಪ್ಪತ್ತು ಸಲ ಅವಳ ಮಾತೇ ಕೇಳಿದೆ. ಇವತ್ತು ಯುಗಾದಿ, ಅಂಚೆ ಕಚೇರಿ ತೆರೆದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಚನ್ನಗಿರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಈ ಕಾಗದ ನಿಂತ ಜಾಗದಲ್ಲೇ ಓದು.

ಹಾಮಿಲೆ ಅನ್ನೋದು ಮುದ್ದಿನ ಹೆಸರಲ್ಲ ಕಣೋ. ನನಗೂ ಅನುಮಾನ ಬಂದು ಪಕ್ಕದ ಮನೆ ಮಾಬುಬಿಯನ್ನು ಕೇಳಿದೆ. ಅವಳು ನಕ್ಕಳು. ‘ಹಾಮಿಲಾ ಅಂದ್ರೆ ಬಸುರಿ ಕಣಮ್ಮ. ಅದಕ್ಕೇ ಆ ಹುಡುಗಿ ರೋಜಾ ಉಪವಾಸ ಇಟ್ಟಿಲ್ಲ’ ಅಂದಳು. ನಾನು ಮನೆಗೆ ಬಂದು ನಿನ್ನ ಕಾಗದ ಮತ್ತೆ ತೆಗೆದು ಓದಿದೆ. ಎಮ್ಮೆಗೆ ಗೆಬೆ, ಹೆಂಗಸಿಗೆ ಹಾಮಿಲೆ. ನೀನು ಕೊಟ್ಟಿಗೆಯ ಮಾತು ಕಲಿತೆ, ಮನೆಯೊಳಗಿನ ಮಾತು ಕಲಿಯಲಿಲ್ಲ.

ಎಂಟನೇ ತಿಂಗಳಿಗೆ ಸಾಲಾಗಿ ಕಂದು ಹಾಕೋದು, ಕಸ ಬೀಳದೆ ಇರೋದು, ಇದು ದೃಷ್ಟಿಯಲ್ಲ, ಮಂಜೂ ಅಲ್ಲ. ಇದು ಕಂದು ರೋಗ. ಎಮ್ಮೆಯ ಕಸ, ಮೈಲಿಗೆಯಿಂದ, ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಸಂಜೆ ಜ್ವರ, ಬೆಳಗಿಗೆ ಬೆವರು ಅಂತ ಬರೆದಿದ್ದೀಯಲ್ಲ, ಅದು ಚಳಿಯಲ್ಲ. ನಿನಗೆ ಬಂದಿದೆ. ಬಸುರಿ ಹೆಂಗಸಿಗೆ ಬಂದರೆ ಏನಾಗುತ್ತದೆ ಗೊತ್ತಾ?

ನನಗೆ ಗೊತ್ತು.

2018ರಲ್ಲಿ ನಾನು ಹೆರಿಗೆಗೆ ಸೊಕ್ಕೆಗೆ ಬಂದಿದ್ದೆ. ನೀನು ನ್ಯಾಮತಿಯಲ್ಲಿದ್ದೆ. ಅಪ್ಪನ ಎಮ್ಮೆ ಒಂದರ ಹಿಂದೆ ಒಂದು ಕಂದು ಹಾಕುತ್ತಿದ್ದವು, ನಾನೇ ಬಾಚಿ ತೆಗೆದೆ. ಬಚ್ಚಲಲ್ಲಿ ಜಾರಿ ಬಿದ್ದು ಕೂಸು ಹೋಯ್ತು ಅಂತ ನಿನಗೆ ಹೇಳಿದರಲ್ಲ, ನಾನು ಬಿದ್ದಿರಲಿಲ್ಲ. ಹದಿನೈದು ದಿನ ನಿನ್ನಂಗೇ ಜ್ವರ ಬಂತು, ಏಳನೇ ತಿಂಗಳಿಗೆ ಕೂಸು ಹೋಯ್ತು. ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿ, ನಿಮ್ಮನೆ ಎಮ್ಮೆಗಳ ರಕ್ತ ತೆಗೆಸಮ್ಮ ಅಂದರು. ಅಪ್ಪ ನನ್ನ ಕಾಲು ಹಿಡಿದ. ‘ಹೇಳಬೇಡವ್ವ, ಹಟ್ಟಿ ಹಾಳಾಗ್ತೈತೆ’ ಅಂದ. ನಾನು ಸುಮ್ಮನಿರುತ್ತಿದ್ದೆ. ಆದರೆ ಎದುರು ಮನೆ ಗಂಗೋತ್ರಿ ಐದು ತಿಂಗಳ ಬಸುರಿ. ದಿನಾ ಸಂಜೆ ಚೊಂಬು ಹಿಡಿದು ನಮ್ಮ ಹಾಲಿಗೇ ಬರುತ್ತಿದ್ದಳು. ಎರಡು ದಿನ ಅವಳ ಚೊಂಬಿಗೆ ನಾನೇ ಹಾಲು ಹಾಕಿದೆ. ಮೂರನೇ ದಿನ ಕೈ ಬರಲಿಲ್ಲ. ಜಗಳೂರಿಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದೆ.

ನನಗೆ ಎಮ್ಮೆ ಕೊಡಲಿಲ್ಲ ಅಂತ ಮಾಡಿದೆ ಅಂದೆಯಲ್ಲ ತಿಥಿ ದಿನ. ಕಾರಣ ಹೇಳಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ. ಅಪ್ಪನ ಹೆಣದ ಮೇಲೆ ಅದನ್ನು ಮುರಿಯೋಕೆ ಆಗಲಿಲ್ಲ. ಇವತ್ತು ಮುರಿದಿದ್ದೇನೆ.

ಈಗ ಏನು ಮಾಡಬೇಕು ಕೇಳು. ಮೊದಲು ಆ ಹುಡುಗಿ. ಹಸಿ ಹಾಲು, ಆ ಪನೀರು ಬಾಯಿಗೆ ಹಾಕಬಾರದು. ಕೊಟ್ಟಿಗೆಗೆ ಕಾಲಿಡಬಾರದು. ಅವಳ ರಕ್ತ, ನಿನ್ನ ರಕ್ತ ಆಸ್ಪತ್ರೆಯಲ್ಲಿ ನೋಡಿಸಬೇಕು. ನಮ್ಮ ಬೀದಿ ಅಕ್ಷಿತಾ ಕಾಲೇಜಿಗೆ ಹೋಗುವ ಹುಡುಗಿ. ಅವಳು ಫೋನಿನಲ್ಲಿ ಇದನ್ನೆಲ್ಲ ಅವರ ಭಾಷೆಗೆ ಮಾಡಿಸಿ, ಅವರ ಅಕ್ಷರದಲ್ಲೇ ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದಾಳೆ. ನೀನು ಬಾಯಿ ಬಿಡಬೇಡ. ಹಾಳೆ ತೋರಿಸು.

ತಡ ಮಾಡಬೇಡ ಕೆಂಚ.

ಅಕ್ಕ


ಬಸವಾಪಟ್ಟಣ
29 ಏಪ್ರಿಲ್ 2024

ಕೆಂಚ,

ಏಪ್ರಿಲ್ 6ರ ಕಾಗದ ಇವತ್ತು ಬಂತು. ‘ನಾನು ನಿನ್ನಂಗೆ ಮಾಡಲ್ಲ’ ಅಂತ ಬರೆದಿದ್ದೀಯ. ನನ್ನ ಸ್ಪೀಡ್ ಪೋಸ್ಟ್ ಸಿಗುವ ಮೊದಲು ಬರೆದದ್ದು ಅಂತ ತಾರೀಖು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ.

ಆದರೆ 22 ಕಳೆದು ಏಳು ದಿನ ಆಯ್ತು. ಆ ಮೂರು ಎಮ್ಮೆಯನ್ನು ನೀನು ಬಚ್ಚಿಟ್ಟೆಯಾ? ಹಾಳೆ ಸಿಕ್ಕಿತಾ? ಆ ಹುಡುಗಿ ಹೆಂಗಿದಾಳೆ? ಹೊನ್ನಾಳಿಗೆ ಹೋಗಿ ಸುದೀಪನ ಮನೆ ಹುಡುಕಿದೆ. ಅವರ ಅಮ್ಮ ನಂಬರ್ ಕೊಟ್ಟರು. ಅವನು ಇರುವುದು ಹನ್ನೆರಡು ತಾಸಿನ ದಾರಿಯಂತೆ, ರಜೆ ಸಿಕ್ಕರೆ ಹೋಗಿ ನೋಡುತ್ತೇನೆ ಅಂದ.

ಸೊಂಟ ಹಿಡಿದಿದೆ ಅಂತ ಬರೆದಿದ್ದೀಯ. ಹಂಗೇ ಬಿಟ್ಟರೆ ನಡಿಯೋಕೆ ಆಗಲ್ಲ ಕಣೋ. ವಾಪಸ್ ಕಳಿಸಿದರೆ ಕಳಿಸಲಿ. ಬಂದರೆ ಮನೆ ಇಲ್ಲವಾ ನಿನಗೆ?

ಒಂದೇ ಸಾಲು ಬರಿ ಸಾಕು.

ಅಕ್ಕ


ಸರ್ಕಾರಿ ಆಸ್ಪತ್ರೆ
3 ಮೇ 2024

ಅಕ್ಕ,

ಬದುಕಿದೀನಿ. ಮಲಗಿಕೊಂಡು ಬರೀತಿದೀನಿ, ಅಕ್ಷರ ಸೊಟ್ಟ.

ನಿನ್ನ ಹಾಳೆ 20ನೇ ತಾರೀಖು ಮಧ್ಯಾಹ್ನ ಬಂತು. ಕೊಟ್ಟಿಗೆ ಬಾಗಿಲಾಗೆ ನಿಂತು ಓದಿದೆ. ‘ನಾನು ಬಿದ್ದಿರಲಿಲ್ಲ’ ಅಂಬೋ ಸಾಲಿಗೆ ಬಂದಾಗ ಕುಂತುಬಿಟ್ಟೆ. ಅದರ ಬಗ್ಗೆ ಈಗ ಬರೆಯಾಕೆ ನನ್ನ ಕೈಲಿ ಆಗಲ್ಲ. ಆಗಿದ್ದನ್ನ ಹೇಳ್ತೀನಿ.

ನೀನು ಬಾಯಿ ಬಿಡಬೇಡ ಅಂದಿದ್ದೆ. ಬಿಟ್ಟುಬಿಟ್ಟೆ. ಅಡುಗೆಮನೆಗೆ ಓಡಿದ್ರೆ ಎಲಿಫ್ ತಟ್ಟೆ ಮುಂದೆ ಕುಂತಿದ್ಳು. ಪೆಯ್ನಿರ್ ತುಂಡು ಕೈಯಾಗಿತ್ತು. ಕಸ್ಕೊಂಡು ಹೊರಗೆ ಎಸೆದೆ. ‘ಪೆಯ್ನಿರ್ ಯೋಕ್! ಸ್ಯೂತ್ ಯೋಕ್!’ ಅಂತ ಕೂಗಿದೆ. ಯೋಕ್ ಅಂದ್ರೆ ಇಲ್ಲ, ಸ್ಯೂತ್ ಅಂದ್ರೆ ಹಾಲು. ಫಾದಿಮೆ ಕಿರುಚಿದ್ಳು. ಹುಸ್ನು ಓಡಿ ಬಂದ. ನನಗೆ ಹಾಮಿಲೆ ಅಂಬೋ ಮಾತು ನೆನಪಿಗೇ ಬರಲಿಲ್ಲ. ಬಾಯಿಗೆ ಬಂದಿದ್ದು ಕೊಟ್ಟಿಗೆ ಮಾತು. ಎಲಿಫ್ ಹೊಟ್ಟೆ ಕಡೆ ಬೆರಳು ಮಾಡಿ, ‘ಎಲಿಫ್ ಗೆಬೆ! ಎಲಿಫ್ ಯಾವ್ರು ಅತ್ತಿ!’ ಅಂದುಬಿಟ್ಟೆ.

ಯೋಚನೆ ಮಾಡು ಅಕ್ಕ. ಆ ಮನೆ ಸೊಸೆಗೆ, ಅವಳ ಅತ್ತೆ ಮಾವನ ಮುಂದೆ, ‘ಇವಳು ಗಬ್ಬ, ಇವಳು ಕಂದು ಹಾಕಿದ್ಳು’ ಅಂತ ಒಬ್ಬ ಆಳು ಅಂದಂಗೆ.

ಹುಸ್ನು ಎಮ್ಮೆ ಹೊಡೆಯೋ ಕೋಲು ತಗೊಂಡ. ಮೊದಲ ಏಟು ಭುಜಕ್ಕೆ, ಎರಡನೇದು ಸೊಂಟಕ್ಕೆ. ‘ಒಕ್ಯೂಜ್!’ ಅಂದ. ಎತ್ತು ಅಂತ ಅರ್ಥ, ಬುದ್ಧಿ ಇಲ್ಲದೋನಿಗೆ ಬೈಯೋ ಮಾತು. ಸೊಂಟದ ಏಟಿಗೆ ಬಿದ್ದೆ. ಬಿದ್ದಲ್ಲಿಂದಲೇ ಹಾಳೆ ಚಾಚಿದೆ. ಹುಸ್ನು ತಗೊಳ್ಳಲಿಲ್ಲ. ಎಲಿಫ್ ತಗೊಂಡ್ಳು.

ಮನಸ್ಸಿನಾಗೆ ಒಂದು ಸಲ ಓದಿದ್ಳು. ಆಮೇಲೆ ಗಟ್ಟಿಯಾಗಿ ಓದಿದ್ಳು. ಹುಸ್ನು ಕೋಲು ಹಂಗೇ ಎತ್ತಿ ಹಿಡಿದಿದ್ದ. ಓದಿ ಮುಗಿಸಿ ನನ್ನ ಹಣೆ ಮುಟ್ಟಿದ್ಳು. ‘ಆತೆಶ್’ ಅಂದ್ಳು, ಜ್ವರ ಅಂತ. ಆಮೇಲೆ ಅದೇ ಕೈ ತನ್ನ ಹಣೆ ಮೇಲಿಟ್ಕೊಂಡು, ‘ಬೆಂದೆ ದೆ ವಾರ್’ ಅಂದ್ಳು.

ನನಗೂ ಐತೆ ಅಂತ. ಐದು ದಿನದಿಂದ ಇತ್ತಂತೆ. ಅತ್ತೆ ಗಾಬರಿಯಾಗ್ತಾಳೆ ಅಂತ ಯಾರಿಗೂ ಹೇಳಿರಲಿಲ್ಲ.

ಫಾದಿಮೆ ಗಂಡನಿಗೆ ಗಾಡಿ ತೆಗಿ ಅಂದ್ಳು. ‘ಸೋಮವಾರ ಕಳೀಲಿ’ ಅಂದ ಹುಸ್ನು. ಸೋಮವಾರ 22. ರಕ್ತ ತೆಗೆಯೋರು ಬಂದು ಹೋಗಲಿ, ಆಮೇಲೆ ಆಸ್ಪತ್ರೆ ಅಂತ. ಫಾದಿಮೆ ಕಾಯಲಿಲ್ಲ. ಒಂದು ಕೈಯಾಗೆ ಸೊಸೇನ, ಇನ್ನೊಂದು ಕೈಯಾಗೆ ನನ್ನ ಅಂಗಿ ಹಿಡ್ಕೊಂಡು ರಸ್ತೆಗೆ ಬಂದು ಹಾಲಿನ ವ್ಯಾನಿಗೆ ಅಡ್ಡ ನಿಂತ್ಳು.

ನನ್ನ ರಕ್ತದಾಗೆ ರೋಗ ಐತೆ. ಎಲಿಫ್ ರಕ್ತದಾಗೂ ಐತೆ. ಈಗಷ್ಟೇ ಶುರುವಾಗಿತ್ತು, ಹಿಡಿದುಬಿಟ್ವಿ ಅಂದ್ರಂತೆ. ಕೂಸಿನ ಎದೆಬಡಿತ ಕೇಳಿಸ್ತೈತೆ. ಉಳೀತೈತಾ ಅಂದ್ರೆ ಡಾಕ್ಟರು ಕೈ ಮೇಲೆ ತೋರಿಸ್ತಾರೆ.

22ಕ್ಕೆ ಆ ಮೂರು ಎಮ್ಮೇನ ಹುಸ್ನು ತಾನೇ ಜೊಂಡಿಗೆ ಹೊಡ್ಕೊಂಡು ಹೋದನಂತೆ. ಎಲಿಫ್ ಆಸ್ಪತ್ರೆಯಿಂದಲೇ ಸರ್ಕಾರದೋರಿಗೆ ಫೋನ್ ಮಾಡಿ, ಇನ್ನೂ ಮೂರು ಅದಾವೆ, ಇಂಥಾ ಜಾಗ ಅಂತ ಹೇಳಿದ್ಳು. ಅವತ್ತಿಂದ ಹುಸ್ನು ಇಲ್ಲಿಗೆ ಬಂದಿಲ್ಲ.

ನನ್ನ ಕೆಲಸದ ಕಾಗದ ಯಾರೂ ಕೇಳಲಿಲ್ಲ. ಜ್ವರ ಎಷ್ಟು ದಿನದಿಂದ ಅಂತ ಮಾತ್ರ ಕೇಳಿದ್ರು.

ಕೆಂಚ


ಬಸವಾಪಟ್ಟಣ
25 ಮೇ 2024

ಕೆಂಚ,

ನಿನ್ನ ಸೊಟ್ಟ ಅಕ್ಷರ ಮೂರು ಸಲ ಓದಿದೆ. ಮಾಬುಬಿಗೂ ಓದಿ ಹೇಳಿದೆ. ಅವಳು ಎಲಿಫ್ ಹೆಸರಲ್ಲಿ ದರ್ಗಾದಲ್ಲಿ ಸಕ್ಕರೆ ಹಂಚಿ ಬಂದಳು.

ಮಾತ್ರೆ ಆರು ವಾರ. ಜ್ವರ ನಿಂತಿತು ಅಂತ ನಡುವೆ ಬಿಟ್ಟರೆ ಮತ್ತೆ ಬರುತ್ತದೆ. ಬಿಡಬೇಡ. ಆ ಹುಡುಗಿಗೂ ಹೇಳು.

ಹುಸ್ನು ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಅಪ್ಪ ನನ್ನ ಕಾಲು ಹಿಡಿದಾಗ ಅವನ ಕೈ ಹೆಂಗಿತ್ತು ಅಂತ ನನಗೆ ಇನ್ನೂ ನೆನಪಿದೆ. ಕೆಟ್ಟವನಾಗಿದ್ದರೆ ನನಗೆ ಸುಲಭ ಆಗುತ್ತಿತ್ತು. ಏಳು ಎಮ್ಮೆಗೆ ಗುರುತು ಹಾಕುವಾಗ ಒಂದೊಂದರ ಕೊಂಬು ಹಿಡಿದಿದ್ದು ನಾನೇ. ಬೇರೆಯವರು ಹಿಡಿದರೆ ಒದೆಯುತ್ತಿದ್ದವು. ಅಪ್ಪ ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಸಾಯೋವರೆಗೂ ನನ್ನ ಕೈಲಿ ನೀರು ತಗೊಳ್ಳಲಿಲ್ಲ.

ನೀನು ಕ್ಷಮೆ ಕೇಳಿಲ್ಲ. ಕೇಳಬೇಡ. ನನಗೆ ಅದು ಓದೋಕೆ ಆಗಲ್ಲ.

ಅಕ್ಕ


ಬಾಫ್ರಾ ಹತ್ರ
12 ಆಗಸ್ಟ್ 2024

ಅಕ್ಕ,

ಇಷ್ಟು ದಿನ ಬರೀಲಿಲ್ಲ. ಏನಾಗ್ತೈತೋ ನೋಡಿ ಬರೆಯಾನ ಅಂತ ಕಾದೆ. ಆಸ್ಪತ್ರೆ ಬಿಟ್ಟ ಮೇಲೆ ಫಾದಿಮೆ ನನ್ನ ಮತ್ತೆ ಮನೆಗೇ ಕರ್ಕೊಂಡು ಬಂದ್ಳು.

ಜೂನಿನಾಗೆ ರಕ್ತದ ಫಲಿತಾಂಶ ಬಂತು. ಐವತ್ತೆರಡರಾಗೆ ಇಪ್ಪತ್ತೊಂದಕ್ಕೆ ರೋಗ. ಈ ದೇಶದಾಗೆ ಗುರುತು ಹಾಕಿ ಬಿಡಲ್ಲ, ಕಡಿಯಾಕೆ ಒಯ್ತಾರೆ. ಅದರ ಪರಿಹಾರಾನ ಸರ್ಕಾರ ಕೊಡ್ತೈತೆ. ಲಾರಿ ಬಂದ ದಿನ ಎಮ್ಮೆ ಹತ್ತಲಿಲ್ಲ. ಹೊಡೆದ್ರೂ ಹತ್ತಲಿಲ್ಲ. ಹುಸ್ನು ಅಂಗಳದಾಗೆ ನಿಂತಿದ್ದ, ನನ್ನ ಕಡೆ ನೋಡ್ಲೂ ಇಲ್ಲ, ಬೈಯ್ಲೂ ಇಲ್ಲ. ಅವಕ್ಕೆ ಹೊಡೀತಿರೋದು ನೋಡಾಕಾಗದೆ ನಾನೇ ಲಾರಿ ಹತ್ತಿ ನಿಂತು ‘ಬಾರೇ, ಬಾರವ್ವ’ ಅಂತ ಕರೆದೆ. ನಮ್ಮ ಮಾತಿನಾಗೇ ಕರೆದೆ. ಒಂದೊಂದಾಗಿ ಬಂದು ಹತ್ತಿದವು. ನನ್ನ ನಂಬಿ ಹತ್ತಿದವು ಅಕ್ಕ. ಕೊನೇದು ಹತ್ತಿದ ಮೇಲೆ ನಾನು ಕೆಳಗಿಳಿಯಾಕೆ ಆಗದೆ ಅವುಗಳ ನಡುವೆನೇ ನಿಂತಿದ್ದೆ. ಡ್ರೈವರು ಬಂದು ಕೈ ಹಿಡಿದು ಇಳಿಸ್ದ.

ಆಮೇಲೆ ಎರಡು ತಿಂಗಳು ಹುಸ್ನು ನನ್ನ ಜತೆ ಮಾತಾಡಲಿಲ್ಲ. ಸೊಸೆ ಜತೇನೂ ಇಲ್ಲ. ಉಳಿದ ಎಮ್ಮೆಗಳ ಕೆಲಸ ಇಬ್ಬರೂ ಮಾಡ್ತಿದ್ವಿ, ಆ ತುದಿಯಿಂದ ಅವನು, ಈ ತುದಿಯಿಂದ ನಾನು. ಆದ್ರೂ ನನ್ನ ಕೆಲಸದ ಕಾಗದಕ್ಕೆ ರುಜು ಹಾಕಿ ಕಿಟಕಿ ಮೇಲೆ ಇಟ್ಟಿದ್ದ, ಹೇಳದೆ ಕೇಳದೆ.

ಎಲಿಫ್‌ಗೆ ಜುಲೈ 29ಕ್ಕೆ ಹೆರಿಗೆ ಆಯ್ತು. ಎರಡು ವಾರ ಮುಂಚೆ. ಹೆಣ್ಣು ಕೂಸು. ಸಣ್ಣದೈತೆ, ಆದ್ರೆ ಅಳೋದು ಕೇಳಿದ್ರೆ ಜೊಂಡಿನ ಹಕ್ಕಿ ಎದ್ದು ಹಾರ್ತಾವೆ. ರಕ್ತದಾಗೆ ರೋಗ ಇಲ್ಲ ಅಂತ ನಿನ್ನೆ ಹೇಳಿದ್ರು.

ನಿನ್ನೆ ಮನೆಗೆ ಕರ್ಕೊಂಡು ಬಂದ್ರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಹುಸ್ನು ಕೂಸನ್ನ ಎತ್ಕೊಂಡು ನೆಟ್ಟಗೆ ನನ್ನ ಹತ್ರ ಬಂದು, ತಗೋ ಅಂತ ಚಾಚಿದ. ನನಗೆ ಏನಾಯ್ತೋ, ಎರಡೂ ಕೈ ಹಿಂದಕ್ಕೆ ಎಳ್ಕೊಂಡೆ. ಇದೇ ಕೈಲಿ ಅವನ್ನೆಲ್ಲ ಬಾಚಿ ತೆಗೆದಿದ್ದೆ, ಹೂಳಿದ್ದೆ. ಬೇಡ ಬೇಡ ಅಂತ ತಲೆ ಆಡಿಸ್ದೆ. ಫಾದಿಮೆ ಬಂದ್ಳು. ನಲ್ಲಿ ಹತ್ರ ಕರ್ಕೊಂಡು ಹೋಗಿ ಸೋಪು ಹಚ್ಚಿ, ಮೊಣಕೈವರೆಗೂ, ಬೆರಳ ಸಂದಿಗೂ, ತಾನೇ ತೊಳೆದ್ಳು. ತನ್ನ ತಲೆವಸ್ತ್ರದ ತುದಿಯಾಗೇ ಒರೆಸಿದ್ಳು. ಆಮೇಲೆ ಹುಸ್ನು ಕೂಸನ್ನ ನನ್ನ ತೋಳಿನ ಮೇಲೆ ಇಟ್ಟ. ಎರಡು ತಿಂಗಳಿಗೆ ಮೊದಲ ಸಲ ನನ್ನ ಹೆಸರು ಹಿಡಿದು ಕರೆದ.

ಬಾಳ ಹಗುರ ಇತ್ತು. ಎಷ್ಟು ಬಿಸಿ ಇತ್ತು.

ಆವಾಗ ಅನ್ನಿಸ್ತು, ನಾವು ಯಾರೂ ನಿನ್ನ ಒಂದು ಮಾತು ಕೇಳಲಿಲ್ಲ. ಎಮ್ಮೆ ಎಷ್ಟು ಹೋದವು ಅಂತ ಊರೇ ಕೇಳ್ತು. ನಿನ್ನ ಕೂಸು ಗಂಡೋ ಹೆಣ್ಣೋ ಅಂತ ನಾನು ಇವತ್ತಿಗೂ ಕೇಳಿಲ್ಲ. ಅದನ್ನ ಯಾರು ಎತ್ಕೊಂಡಿದ್ರು ಅಕ್ಕ?

ಕೆಂಚ


ಬಸವಾಪಟ್ಟಣ
2 ಸೆಪ್ಟೆಂಬರ್ 2024

ಕೆಂಚ,

ಗಂಡು.

ನಾನೇ ಎತ್ತಿಕೊಂಡಿದ್ದೆ. ನರ್ಸಮ್ಮ ಬಟ್ಟೆ ಸುತ್ತಿ ಒಯ್ಯೋಕೆ ಬಂದಳು, ಕೊಡಲಿಲ್ಲ. ಒಂದು ತಾಸು ನನ್ನ ಮಡಿಲಲ್ಲೇ ಇತ್ತು. ತಲೆ ತುಂಬ ಕೂದಲು, ಅಪ್ಪನ ಹಂಗೆ ನೆತ್ತಿಯಲ್ಲಿ ಎರಡು ಸುಳಿ. ಉಗುರು ಸಹ ಬಂದಿದ್ದವು. ಬಾಗಿಲ ಹತ್ತಿರ ಅಪ್ಪ ನಿಂತಿದ್ದ, ಒಳಗೆ ಬರಲಿಲ್ಲ. ಬಂದಿದ್ದರೆ ಅವನ ಕೈಗೂ ಕೊಡುತ್ತಿದ್ದೆ.

ಆ ಒಂದು ತಾಸಿನಲ್ಲಿ ಅದಕ್ಕೊಂದು ಹೆಸರಿಟ್ಟೆ. ಕಿವಿಯಲ್ಲಿ ಮೂರು ಸಲ ಕರೆದೆ. ನಿನ್ನ ಭಾವನಿಗೂ ಹೇಳಿಲ್ಲ.

ಅದನ್ನು ಕಾಗದದಲ್ಲಿ ಬರೆಯೋಕೆ ಮನಸ್ಸು ಬರುತ್ತಿಲ್ಲ. ನೀನು ಬಂದಾಗ ಹೇಳುತ್ತೇನೆ.

ಅಕ್ಕ